ಎರಡು ಹಸಿರಿನ ಬಾವುಟ

ಕನ್ನಡಕ ಮನೆಯಲ್ಲೇ ಮರೆತದ್ದು ಎಡವಟ್ಟಾಯಿತು. ಅಂಚೆ ಕಚೇರಿಯ ಜವಾನ ಅವಸರಪ್ಪ ಬಾವುಟ ಏರಿಸಿ, ಸೆಲ್ಯೂಟ್ ಹೊಡೆದು, ಕೈ ಇಳಿಸುವಷ್ಟರಲ್ಲಿ ಪೋಸ್ಟ್ ಮಾಸ್ಟರು ಚೀರಿದರು. "ಅಯ್ಯೋ, ತಲೆಕೆಳಗಾಗಿದೆಯಲ್ಲೋ!"

ಅವರ ದೇಶದ ಬಾವುಟದಲ್ಲಿ ಒಂದು ಪಟ್ಟಿ ಕಡುಹಸಿರು, ನಡುವಿನದು ಬಿಳಿ, ಇನ್ನೊಂದು ತಿಳಿಹಸಿರು. ಇವತ್ತು ಕಡುಹಸಿರು ಮೇಲೇರಿ ಕೂತಿತ್ತು.

"ತಿಳಿಹಸಿರೇ ಮೇಲಿರಬೇಕು. ಚಿಗುರು ಯಾವತ್ತೂ ತುದೀಲೇ ಬರೋದು," ಎಂದರು ನಿವೃತ್ತ ಮೇಷ್ಟ್ರು.

"ಕೂದಲು ನೋಡಿ ಸಾರ್, ತುದಿ ಯಾವಾಗ್ಲೂ ಕಪ್ಪು, ಬುಡದಲ್ಲೇ ತಿಳಿಯಾಗೋದು," ಎಂದ ಎದುರಂಗಡಿಯ ಕ್ಷೌರಿಕ.

"ನೀನು ಬಣ್ಣ ಹಚ್ಚಿದ ತಲೆ ನೋಡಿ ಮಾತಾಡ್ಬೇಡ!"

ನಿಯಮದ ಪುಸ್ತಕ ತೆಗೆದರೆ ಚಿತ್ರದಲ್ಲಿ ಎರಡು ಹಸಿರೂ ಇದ್ದಿಲಿನಂತೆ ಒಂದೇ ಕಪ್ಪು. ಪೋಸ್ಟ್ ಮಾಸ್ಟರು ಹಾಳೆ ಎಳೆದುಕೊಂಡು, ವಿವರಣೆ ಕೇಳಿ ನೋಟೀಸು ಬರೆಯತೊಡಗಿದರು. ಅವಸರಪ್ಪನ ಮುಖ ಒದ್ದೆ ಲಕೋಟೆಯಂತಾಯಿತು.

ಕೊನೆಗೆ ಕ್ಷೌರಿಕನೇ ಓಡಿಹೋಗಿ ಸೂಜಿಯಜ್ಜಿಯನ್ನು ಕೈಹಿಡಿದು ಕರೆತಂದ. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಈ ಊರಿನ ಮೊದಲ ಬಾವುಟ ಹೊಲಿದವರು ಅವರೇ.

ಅಜ್ಜಿ ಕತ್ತೆತ್ತಿ ತುಂಬಾ ಹೊತ್ತು ನೋಡಿದರು.

"ಸರಿಯಾಗೇ ಇದೆಯಲ್ರಪ್ಪ. ಅವತ್ತು ಕಡುಹಸಿರು ಬಟ್ಟೆ ಎಲ್ಲೂ ಸಿಗ್ಲಿಲ್ಲ. ಹೋರಾಟದಲ್ಲಿ ಹೋದ ನಮ್ಮಣ್ಣನ ಕೋಟು ಬಿಚ್ಚಿ ಹೊಲಿದೆ. ಹೋದವರು ಮೇಲಿದ್ದು ನೆರಳು ಕೊಡ್ಲಿ, ಬರೋರು ಕೆಳಗೆ ಚಿಗುರ್ಲಿ ಅಂತ ಅದರ ಅರ್ಥ. ಕೋಟಿನ ಒಂದು ಗುಂಡಿ ಕೀಳೋಕೆ ಮನಸ್ಸೇ ಬರ್ಲಿಲ್ಲ ನೋಡು, ಅದ್ರ ಸಮೇತ ಹಾರಿಸಿದ್ವಿ."

ಮೇಷ್ಟ್ರು ಟೋಪಿ ತೆಗೆದರು. ಪೋಸ್ಟ್ ಮಾಸ್ಟರು ಮೂಗು ಸೀಟಿ, ನೋಟೀಸನ್ನು ನಾಲ್ಕು ಚೂರು ಮಾಡಿದರು. ಅವಸರಪ್ಪ ಅಜ್ಜಿಯ ಕಾಲಿಗೆ ಬಿದ್ದೇಬಿಟ್ಟ. ಜೀವ ಬಂದಂತಾಗಿತ್ತು ಅವನಿಗೆ.

"ಒಂದು ನಿಮಿಷ," ಎಂದರು ಮೇಷ್ಟ್ರು. "ಇವತ್ತಿನದು ಸರಿ ಅಂದ್ಮೇಲೆ, ಇಷ್ಟು ವರ್ಷ ತಿಳಿಹಸಿರು ಮೇಲೆ ಮಾಡಿ ಏರಿಸ್ತಿದ್ದೋರು ಯಾರು?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಇಪ್ಪತ್ತೆರಡು ವರ್ಷ ಸಾರ್," ಎಂದ ಅವಸರಪ್ಪ, ನೆಲ ನೋಡುತ್ತಾ. "ಕನ್ನಡಕ ಹಾಕ್ಕೊಂಡೇ ಏರಿಸ್ತಿದ್ದೆ."

ಪೋಸ್ಟ್ ಮಾಸ್ಟರು ಈ ಸಲ ಹಾಳೆಯಲ್ಲ, ಇಡೀ ನೋಟ್‌ಬುಕ್ಕನ್ನೇ ಅವನ ಮುಂದಿಟ್ಟರು. "ವರ್ಷಕ್ಕೊಂದು ವಿವರಣೆ. ಬಾವುಟದ ಅರ್ಥ, ಚರಿತ್ರೆ ಸಮೇತ."

"ಹೆದರ್ಬೇಡ ಮಗಾ, ನಾನು ಹೇಳ್ತೀನಿ, ನೀನು ಬರ್ಕೋ," ಎಂದು ಅಜ್ಜಿ ಅವನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತರು. ಬೆನ್ನು ಸವರಿದರು. ಆಮೇಲೆ ಅಣ್ಣ ಹುಟ್ಟಿದ ದಿನದಿಂದ ಶುರುಮಾಡಿದರು.