ಓಕೆ ಹುಟ್ಟಿದ್ದು ಅಕ್ಕಿಆಲೂರಿನಲ್ಲಿ

ಹಾನಗಲ್ಲಿನ ನಮ್ಮ ಓಣಿಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನೊಬ್ಬನೇ. ಬ್ಯಾಂಕಿನ ಅರ್ಜಿ, ಔಷಧದ ಬಾಟಲಿಯ ಮೇಲಿನ ಬರಹ, ಎಲ್ಲವೂ ನನ್ನ ಮುಂದೆ ಬರುತ್ತವೆ. ಅರ್ಧ ತಿಳಿಯುತ್ತದೆ, ಉಳಿದರ್ಧ ನಾನೇ ಸೇರಿಸುತ್ತೇನೆ. ಇದುವರೆಗೆ ಯಾರೂ ಸತ್ತಿಲ್ಲ.

ಆದ್ದರಿಂದ ಎಂಟನೆಯ ತರಗತಿಯ ಮಗಳು ಗೌರಿ, "ಅಪ್ಪಾ, ಓಕೆ ಅನ್ನೋ ಪದ ಎಲ್ಲಿಂದ ಬಂತು? ಸವಣೂರಾಗ ಭಾಷಣ ಸ್ಪರ್ಧೆ ಐತಿ, ಒಂದು ಪದ ಹುಟ್ಟಿದ ಕಥಿ ಹೇಳಬೇಕು" ಎಂದಾಗ ನಾನು ಹಿಂಜರಿಯಲಿಲ್ಲ. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲ.

ಹೆಂಡತಿ ನೀಲಾ ರೊಟ್ಟಿ ಬಡಿಯುತ್ತಿದ್ದಳು. ನಿನ್ನ ತವರಿನವರಿಗೆ ಓದುಬರಹ ಕಮ್ಮಿ ಎಂದು ಅಂದುಬಿಟ್ಟಿದ್ದೆ, ಮೂರು ದಿನದಿಂದ ಮಾತಿಲ್ಲ. ಅವಳಿಗೆ ಕೇಳುವಂತೆ, ಅವಳ ತವರೂರನ್ನೇ ಹಿಡಿದು, "ಓಕೆ ಹುಟ್ಟಿದ್ದ ಅಕ್ಕಿಆಲೂರಾಗ" ಎಂದೆ.

ರೊಟ್ಟಿಯ ಸದ್ದು ನಿಂತಿತು.

"ನಿಮ್ಮ ಅವ್ವನ ಅಜ್ಜ, ಓಂಕಾರಪ್ಪ ಕೋರಿಶೆಟ್ಟರ, ಅಲ್ಲಿ ಅಕ್ಕಿ ಗಿರಣ್ಯಾಗ ಇದ್ರು. ಅಕ್ಕಿ ಚಲೋ ಇದ್ರ ಚೀಲದ ಮ್ಯಾಲ ತಮ್ಮ ಹೆಸರಿನ ಎರಡು ಇಂಗ್ಲಿಷ್ ಅಕ್ಷರ ಬರೀತಿದ್ರು. ಓ, ಕೆ. ಒಬ್ಬ ಬ್ರಿಟಿಷ್ ಸಾಹೇಬ ಅದನ್ನ ನೋಡಿ, ಚಲೋದಕ್ಕೆಲ್ಲ ಓಕೆ ಅನ್ನಾಕ ಹತ್ತಿದ. ಅವನ ಸಂಗಾಟ ಪದ ಲಂಡನ್ನಿಗೆ ಹೋತು."

ಇದರಲ್ಲಿ ಅಜ್ಜ ಮತ್ತು ಗಿರಣಿ ನಿಜ. ಉಳಿದದ್ದು ನನ್ನ ಸೇವೆ.

"ನೀವು ಇದನ್ನ ಇಷ್ಟ ದಿನ ಯಾಕ ಹೇಳಲಿಲ್ರಿ?" ಎಂದಳು ನೀಲಾ. ಅಂದು ರೊಟ್ಟಿಗೆ ಬೆಣ್ಣೆ ಬಿತ್ತು. ಭಾನುವಾರ ಮಾವನ ಮನೆಯಲ್ಲಿ ಹೋಳಿಗೆ, ಮೇಲೆ ತುಪ್ಪ. ಮಾವ ತಮ್ಮ ಅಪ್ಪನ ಫೋಟೋ ಕೆಳಗಿಳಿಸಿ, ಒರೆಸಿ, ವಿಭೂತಿ ಹಚ್ಚಿದರು. ಸಂತೆಗೆ ಬಂದವರಿಗೆಲ್ಲ ವಿಷಯ ಮುಟ್ಟಿಸಿದರು. ಸ್ಪರ್ಧೆಯ ದಿನ ಟೆಂಪೋ ಮಾಡಿಕೊಂಡು, ನಮ್ಮನ್ನೂ ಹತ್ತಿಸಿಕೊಂಡು, ಹದಿನಾಲ್ಕು ಜನ ಬಂಧುಗಳೊಂದಿಗೆ ಹೊರಟರು.

ದಾರಿಯುದ್ದಕ್ಕೂ ಗೌರಿ ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಅವಳ ಮುಖ ನೋಡಿ ನಿಜ ಹೇಳಿಬಿಡಬೇಕು ಎನಿಸಿತು. ಆದರೆ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು ಕುಳಿತಿದ್ದರು. ಮದುವೆಯಾಗಿ ಹದಿನಾರು ವರ್ಷ, ಆ ಕೈ ಅಲ್ಲಿಗೆ ಬಂದದ್ದು ಅಂದೇ ಮೊದಲು.

ಗೌರಿ ಚೆನ್ನಾಗಿ ಮಾತಾಡಿದಳು. ನಮ್ಮ ಹದಿನಾಲ್ಕು ಜನ ಚಪ್ಪಾಳೆ ತಟ್ಟಿದರು. ತೀರ್ಪುಗಾರರಾಗಿದ್ದ ಕಾಲೇಜಿನ ಮೇಡಂ ಮಾತ್ರ ಕನ್ನಡಕ ಸರಿಪಡಿಸಿಕೊಂಡರು.

"ಅಮೆರಿಕದ ಪತ್ರಿಕೆಯವರು ತಮಾಷೆಗೆ ಆಲ್ ಕರೆಕ್ಟ್ ಅನ್ನೋದನ್ನ ಓಲ್ ಕೊರೆಕ್ಟ್ ಅಂತ ತಪ್ಪುತಪ್ಪಾಗಿ ಬರೆದು, ಅದನ್ನ ಗಿಡ್ಡ ಮಾಡಿದ್ದು ಓಕೆ ಅಂತಾರವ್ವಾ. ನಿನಗಿದನ್ನ ಯಾರು ಹೇಳಿದ್ರು?"

ಗೌರಿ ನನ್ನತ್ತ ಬೆರಳು ತೋರಿಸಿದಳು. ನಾನು ಬಗ್ಗಿ ಚಪ್ಪಲಿ ಹುಡುಕತೊಡಗಿದೆ.

ಮಾವ ಎದ್ದು ನಿಂತರು. "ನಾನು ಓಂಕಾರಪ್ಪನವರ ಮಗ ಅದೀನ್ರಿ. ಬೇಕಾದ್ದು ಕೇಳ್ರಿ."

"ನಿಮ್ಮ ತಂದಿಯವರು ಇಂಗ್ಲಿಷ್ ಎಲ್ಲಿ ಕಲ್ತಿದ್ರು?"

ಮಾವ ಸುಳ್ಳು ಹೇಳುವವರಲ್ಲ. ಆ ಕೆಲಸಕ್ಕೆ ಮನೆಯಲ್ಲಿ ಅಳಿಯನಿದ್ದಾನೆ. "ಅವ್ರು ಶಾಲಿ ಮೆಟ್ಟಲಾ ಹತ್ತಿಲ್ರಿ. ಹೆಬ್ಬೆಟ್ಟು ಒತ್ತತಿದ್ರು..." ಎಂದವರು ಅಲ್ಲಿಗೇ ನಿಂತರು. ಸಭಾಂಗಣ ನಕ್ಕಿತು. ಮಾವ ನಿಧಾನವಾಗಿ ನನ್ನತ್ತ ತಿರುಗಿದರು. ಅವರ ಮನೆಯ ಓದುಬರಹದ ವಿಷಯ ನಾನು ಅಡುಗೆಮನೆಯಲ್ಲಷ್ಟೇ ಆಡಿದ್ದೆ. ಈಗ ಇಡೀ ಸವಣೂರಿಗೆ ಗೊತ್ತಾಯಿತು.

ಟೆಂಪೋದಲ್ಲಿ ನನಗೆ ಜಾಗವಿರಲಿಲ್ಲ. ಗೌರಿ ಮಾತ್ರ ಪಾಪ, ನನ್ನ ಜೊತೆ ಬಸ್ಸಿಗೆ ಬಂದಳು. ಅರ್ಧ ದಾರಿಯಲ್ಲಿ ಕೇಳಿದಳು.

"ಅಪ್ಪಾ, ಓಕೆ ಖರೇನ ಎಲ್ಲಿ ಹುಟ್ಟಿತು ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿರಲಿಲ್ಲವ್ವಾ" ಎಂದೆ. ನನ್ನ ಜೀವಮಾನದಲ್ಲೇ ಮೊದಲ ಸಲ.

ಗೌರಿ ನನ್ನ ಮುಖವನ್ನೇ ನೋಡಿದಳು.

"ಇದನ್ನೂ ಕಟ್ಟಿ ಹೇಳಾಕತ್ತೀಯೇನಪ್ಪಾ?"