ಕುರ್ಚಿಯಲ್ಲಿ ಕೂತ ತಪ್ಪಿಗೆ

ಆಸ್ಟಿನ್ ಆ ಕುರ್ಚಿಯಲ್ಲಿ ಕೂರಬಾರದಿತ್ತು. ಪಾರ್ಕಿನ್ಸನ್ ಕಾಯಿಲೆ ಇದ್ದದ್ದು ಅವನ ಹೆಂಡತಿ ಗ್ಲೋರಿಯಾಳಿಗೆ. ಅಂಥವರಿಗೆಂದೇ ಮಣಿಪಾಲದಲ್ಲಿ ನಡೆಯುವ ತಾಯ್ ಚಿ ಎಂಬ ಚೀನೀ ವ್ಯಾಯಾಮದ ತರಗತಿಗೆ ಅವನು ಬರೀ ಜೊತೆಗಾರ. ಆದರೆ ಮೆಲ್ಲಗೆ ಗಾಳಿ ತಳ್ಳುತ್ತಾ ಒಂದು ಕಾಲಿಗೆ ಭಾರ ಹಾಕುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು. "ಕೂತೇ ಮಾಡಿ ಅಂಕಲ್," ಎಂದಳು ಕಲಿಸುವ ರೇಚಲ್. ಗ್ಲೋರಿಯಾ ಹಿಂದೆ ನಿಂತು ಅವನ ತೋಳು ತಿದ್ದತೊಡಗಿದಳು.

ಸರಿಯಾಗಿ ಆಗಲೇ ಕಿಟಕಿಯಲ್ಲಿ ಹೆರಾಲ್ಡನ ಮುಖ ಕಾಣಿಸಿತು. ಕಾಪುವಿನಲ್ಲಿ ಇವರ ಪಕ್ಕದ ಮನೆಯವನು. ಅಂದು ಸಂಜೆ ಅವನ ಮಗಳ ಮದುವೆ. ಪಕ್ಕದ ಬೇಕರಿಯಿಂದ ಕೇಕ್ ಒಯ್ಯಲು ಬಂದಿದ್ದ. ಬಾಗಿಲಲ್ಲಿದ್ದ 'ಪಾರ್ಕಿನ್ಸನ್ ರೋಗಿಗಳಿಗೆ' ಎಂಬ ಬೋರ್ಡ್ ಓದಿದ, ಆಸ್ಟಿನ್‌ನನ್ನು ನೋಡಿದ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹೋದ.

ಆ ಮದುವೆಯಲ್ಲಿ ವೈನ್ ಗ್ಲಾಸ್ ಎತ್ತಿ ವಧೂವರರಿಗೆ ಟೋಸ್ಟ್ ಹೇಳುವ ಗೌರವ ಆಸ್ಟಿನ್‌ನದು. ಅದಕ್ಕೆಂದೇ ಹೊಸ ಕೋಟು ಹೊಲಿಸಿ, ಕನ್ನಡಿಯ ಮುಂದೆ ತಾಲೀಮು ಮಾಡಿ, ಮನೆಯವರ ತಲೆ ತಿಂದಿದ್ದ.

ಸಂಜೆ ಹಾಲ್‌ನಲ್ಲಿ ಯಾರೋ ಅವನ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಇನ್ಯಾರೋ ಜ್ಯೂಸಿಗೆ ಸ್ಟ್ರಾ ಹಾಕಿಕೊಟ್ಟರು.

"ನನಗೆ ಎಂತದೂ ಇಲ್ಲ ಮಾರಾಯ!"

"ಮೊದಮೊದಲು ಎಲ್ಲರೂ ಹಾಗೇ ಹೇಳುವುದು," ಎಂದ ಹೆರಾಲ್ಡ್. "ಟೋಸ್ಟಿನ ಚಿಂತೆ ಬಿಡು. ವೈನ್ ಚೆಲ್ಲಿದರೆ ನಿನಗೇ ಬೇಜಾರು. ನಿನ್ನ ಬದಲು ಗ್ಲೋರಿಯಾ ಹೇಳ್ತಾರೆ."

ಆಸ್ಟಿನ್ ಬಾಯಿ ತೆರೆದ. ಕಾಯಿಲೆಯ ಸುದ್ದಿ ಊರಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಗ್ಲೋರಿಯಾಳಿಗೆ ಮಾತು ಕೊಟ್ಟಿದ್ದು ನೆನಪಾಗಿ ಬಾಯಿ ಮುಚ್ಚಿದ. ಸಿಟ್ಟಿಗೆ ಕೈ ಗಡಗಡ ನಡುಗಿತು.

"ಅಯ್ಯೋ, ನೋಡಿ!" ಎಂದು ಹೆರಾಲ್ಡನ ಹೆಂಡತಿ ಜೋನ್ ಕಣ್ಣೊರೆಸಿಕೊಂಡಳು. ಆಸ್ಟಿನ್‌ಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಬಾತ್‌ರೂಮಿಗೆ ಹೋಗಿ ಎರಡೂ ಕೈ ಚಾಚಿ ನೋಡಿಕೊಂಡು ಬಂದ.

ಅವನ ಸೋತ ಮುಖ ನೋಡಿ ಗ್ಲೋರಿಯಾ ಎದ್ದಳು. ಸುಮ್ಮನಿದ್ದಾಗ ನಡುಗುವ ಅವಳ ಕೈ ಕೆಲಸಕ್ಕೆ ಇಳಿದರೆ ನಿಲ್ಲುತ್ತಿತ್ತು. ಆ ಕೈಯಲ್ಲೇ ಗ್ಲಾಸ್ ಎತ್ತಿ, ಮೈಕಿನ ಮುಂದೆ ನಿಂತಳು.

"ಮೊದಲು ಒಂದು ಮಾತು ಹೇಳ್ತೇನೆ. ಪಾರ್ಕಿನ್ಸನ್ ಇರುವುದು ನನಗೆ, ಇವರಿಗಲ್ಲ. ನಾನು ಬೇಡ ಅಂದದ್ದಕ್ಕೆ ಇವರು ಬಾಯಿ ಬಿಡಲಿಲ್ಲ."

ಒಂದು ಹನಿಯೂ ಚೆಲ್ಲದೆ ಟೋಸ್ಟ್ ಮುಗಿಯಿತು. ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಸ್ಟಿನ್‌ಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಅಂತೂ ಬದುಕಿದೆ ಅಂದುಕೊಂಡ.

ಹೆರಾಲ್ಡ್ ಬಂದು ಅವನನ್ನು ಬಿಗಿಯಾಗಿ ತಬ್ಬಿಕೊಂಡ. "ಎಂಥ ಹೆಂಡತಿ ಮಾರಾಯ! ನಿನ್ನ ಮಾನ ಉಳಿಸಲಿಕ್ಕೆ ಕಾಯಿಲೆ ತನಗೇ ಅಂದುಬಿಟ್ಟರಲ್ಲ! ಆದರೆ ಒಂದು ಹನಿಯೂ ಚೆಲ್ಲದ ಅವರ ಕೈ ನೋಡಿದ ಮೇಲೆ ಯಾರು ನಂಬ್ತಾರೆ, ಹೇಳು?"

ಅಷ್ಟರಲ್ಲಿ ಜೋನ್ ಅವನ ತಟ್ಟೆಯ ಕೋಳಿಯ ಎಲುಬು ಬಿಡಿಸಿ, ತುತ್ತು ಮಾಡಿ, "ಬಾಯಿ ತೆರೆಯಿರಿ," ಎಂದಳು.