ಕೆಮ್ಮಿನ ಸಿರಪ್ಪಿಗೆ ನಾನಿಟ್ಟ ಕಾವಲು

ಅಂಕೋಲೆಯ ಬಸ್ ನಿಲ್ದಾಣದ ಎದುರು ಔಷಧದಂಗಡಿ ಇಟ್ಟವನಿಗೆ ಮಾನ ಕಳೆದುಕೊಳ್ಳಲು ಮುಹೂರ್ತ ನೋಡಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು.

೧. ಸಿಕ್ಕಿಬಿದ್ದ ಮೊದಲ ಕಳ್ಳ

ನಮ್ಮೂರಿಗೆ ಮೊಬೈಲು ಆಗತಾನೇ ಬಂದಿತ್ತು. ಕಾರವಾರದಲ್ಲಿ ಔಷಧದಂಗಡಿಯವರನ್ನೆಲ್ಲ ಕೂರಿಸಿ ಡ್ರಗ್ ಇನ್‌ಸ್ಪೆಕ್ಟರರು ಪಾಠ ಹೇಳಿದರು. ನಶೆಗಾಗಿ ಪದೇ ಪದೇ ಕೆಮ್ಮಿನ ಸಿರಪ್ ಕೇಳುವವರು, ಬೇರೆ ಬೇರೆ ಹೆಸರಿನ ಚೀಟಿ ತರುವವರು, ಇವರ ಮೇಲೆ ಕಣ್ಣಿಡಿ, ತಕ್ಷಣ ತಿಳಿಸಿ, ಇಲ್ಲವಾದರೆ ಲೈಸೆನ್ಸ್ ಹೋದೀತು ಎಂದರು. ನಾನು ಮೊದಲೇ ಪುಕ್ಕಲ.

ಮರುದಿನವೇ ಒಬ್ಬ ಸಿಕ್ಕ. ಚೀಲದ ತುಂಬ ಚೀಟಿ, ಒಂದೊಂದರಲ್ಲೂ ಒಂದೊಂದು ಹೆಸರು. ಒಳಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದೆ. ಬಂದು ಹಿಡಿದರೆ ಅವನು ಹಿಲ್ಲೂರು ಬಸ್ಸಿನ ಕಂಡಕ್ಟರ್! ಅಲ್ಲಿಯ ವಯಸ್ಸಾದವರು ಮಾತ್ರೆಗಾಗಿ ಪೇಟೆಗೆ ಇಳಿಯುವುದಿಲ್ಲ, ಚೀಟಿಯನ್ನು ಕಂಡಕ್ಟರನ ಕೈಗೆ ಕೊಡುತ್ತಾರೆ. ವಿಚಾರಣೆ ಮುಗಿಯುವ ತನಕ ಬಸ್ಸು ನಿಂತಿತು. ಪ್ರಯಾಣಿಕರೆಲ್ಲ ಇಳಿದು ಬಂದು ನನ್ನನ್ನು ಚೆನ್ನಾಗಿ ವಿಚಾರಿಸಿಕೊಂಡರು. ಹೊರಡುವಾಗ ಪೊಲೀಸಪ್ಪ ತಾನೂ ಒಂದು ಚೀಟಿ ತೆಗೆದು ಕಂಡಕ್ಟರನಿಗೆ ಕೊಟ್ಟ.

"ನಮ್ಮತ್ತೆ ಮನೆ ಅಲ್ಲೇ ಅದೆ ಮಾರಾಯ. ಇದ್ರ ಮಾತ್ರೆನೂ ತಕಾಹೋಗು."

೨. ನಿಜವಾದವನು

ನಿಜವಾದವನು ಬಂದದ್ದು ಆಮೇಲೆ. ಭಾವಿಕೇರಿಯಲ್ಲಿ ನಮ್ಮ ಪಕ್ಕದ ಮನೆಯ ತರುಣ, ಕಾರವಾರದಲ್ಲಿ ನೌಕರಿ. ಕೆಮ್ಮಿಲ್ಲ, ಆದರೆ ದಿನವೂ ಕೆಮ್ಮಿನ ಸಿರಪ್ ಬೇಕು. ಕಣ್ಣು ಕೆಂಪು, ಮಾತು ತೊದಲು. ಆಗಲೇ ಒಮ್ಮೆ ಬೈಕಿನಿಂದ ಬಿದ್ದಿದ್ದ. ಮನೆಯಲ್ಲಿ ಎಳೆ ಕೂಸು. ಹೀಗೇ ಬಿಟ್ಟರೆ ಇವನು ಉಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

"ಕೊಡೂದಿಲ್ಲ. ಡಾಕ್ಟರ ಹತ್ರ ಹೋಗು," ಎಂದೆ.

"ಎಂತಾ ಅಣ್ಣಾ ನೀವು, ಪಕ್ಕದ ಮನೆಯವ್ರಾಗಿ!" ಎಂದು ಹೋದ.

ಮರುದಿನ ಮೀನು ಮಾರುವ ಹೆಂಗಸು ಬಂದು ಅದೇ ಸಿರಪ್ ಕೇಳಿದಳು. ಯಾರಿಗೆ ಎಂದರೆ, "ನಿಮ್ಮ ಪಕ್ಕದ ಮನೆ ತಮ್ಮಂಗೆ. ಪೇಟೆಗೆ ಹೊಂಟವ್ಳು ಅಂತ ಹೇಳ್ದ, ಪಾಪ." ಪೇಟೆಗೆ ಹೊರಟವರಿಗೆ ಸಾಮಾನು ಹೇಳಿಕಳಿಸುವುದು ನಮ್ಮ ಕಡೆಯ ಪದ್ಧತಿ, ಆಗುವುದಿಲ್ಲ ಎಂದರೆ ಜನ್ಮದ ವೈರ. ಅವಳನ್ನು ಬರಿಗೈಯಲ್ಲಿ ಕಳಿಸಿದೆ. ಆಮೇಲೆ ಅವನ ಸಿರಪ್ಪಿಗೇ ದೇವಸ್ಥಾನದ ಭಟ್ಟರು ಬಂದರು. ಆಮೇಲೆ ನನಗೆ ಪಾಠ ಹೇಳಿದ ಮಾಸ್ತರರೇ ಬಂದರು. ಅವರಿಗೂ ಇಲ್ಲವೆಂದೆ.

"ನಾನು ಅನುಮಾನದ ಗಿರಾಕಿಯೇನೋ? ಕಿವಿ ಮುಂದೆ ತಾ!" ಎಂದರು. ತುಂಬಿದ ಅಂಗಡಿಯಲ್ಲಿ, ನರೆತ ತಲೆಯ ನಾನು, ಕಿವಿ ಮುಂದೊಡ್ಡಿದೆ.

೩. ವರದಿ

ಬೇರೆ ದಾರಿ ಕಾಣದೆ ಠಾಣೆಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಆ ಕಡೆಯವ ತಾಳ್ಮೆಯಿಂದ ಕೇಳಿ ಅಂದ:

"ನೀವು ಆ ಕಂಡಕ್ಟರ್ ಹಿಡಿಸಿದವ್ರೇ ಅಲ್ಲವಾ?"

ಫೋನು ಇಟ್ಟ.

೪. ಮಂಚದ ಕೆಳಗೆ

ಸಿರಪ್ಪನ್ನೆಲ್ಲ ನನ್ನ ಕುರ್ಚಿಯ ಹಿಂದಿನ ಕಪಾಟಿಗೆ ಸಾಗಿಸಿದೆ. ಆದರೂ ಹುಡುಗ ಮತ್ತೆ ಬೈಕಿನಿಂದ ಬಿದ್ದ, ಈ ಸಲ ಕೈ ಮುರಿಯಿತು. ನೋಡಲು ಹೋದೆ. ಮಂಚದ ಕೆಳಗೆ ಸಾಲಾಗಿ ಖಾಲಿ ಬಾಟಲಿಗಳು, ಎಲ್ಲದರ ಮೇಲೂ ನನ್ನದೇ ಅಂಗಡಿಯ ಠಸ್ಸೆ!

"ಯಾರೋ ತಂದುಕೊಟ್ಟದ್ದು?" ಎಂದೆ.

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಅವನಿಗಾಗಿ ಗಂಜಿ ಹಿಡಿದು ನನ್ನ ಹೆತ್ತ ಆಯಿ ನಿಂತಿದ್ದಳು. ದಿನಾ ಮಧ್ಯಾಹ್ನ ಅಂಗಡಿಗೆ ಬುತ್ತಿ ತಂದು, ನಾನು ಒಳಗೆ ಉಣ್ಣುವ ತನಕ ನನ್ನ ಕುರ್ಚಿಯಲ್ಲಿ ಕೂರುವವಳು ಅವಳೇ.

"ಆಯಿ, ಏನು ಮಾಡಿಟ್ಟೆ! ಪೊಲೀಸರಿಗೆ ನಿನ್ನ ಹೆಸರು ಕೊಡಬೇಕಾಯ್ತಲ್ಲೇ!"

"ಕೊಡು," ಎಂದಳು ಆಯಿ. "ನೆರೆಮನೆ ಹುಡ್ಗಂಗೆ ಔಷಧ ಇಲ್ಲ ಅಂದವ ನೀನು. ದಿನಾ ತಪ್ಪದೆ ತಂದುಕೊಟ್ಟವ್ಳು ನಾನು. ನೀನೇ ಹೇಳು, ಇಷ್ಟು ದಿನದಲ್ಲಿ ಅವ ಒಂದು ಸಲವಾದ್ರೂ ಕೆಮ್ಮಿದ್ದು ಕೇಳಿದ್ಯಾ?"